ಒಂದು ಗೀಟು ಕಳೆದುಕೊಂಡ ಚಹಾ

ಆಸ್ಟಿನ್ ನಗರದ ಉತ್ತರ ಭಾಗದಲ್ಲಿ 2007ರಲ್ಲಿ ತೆರೆದ ದ ಡೊಮೇನ್ ಎಂಬ ಅಂಗಡಿಸಾಲು ಇಲ್ಲಿನ ಕನ್ನಡಿಗರಿಗೆಲ್ಲ ಪರಿಚಿತ ಜಾಗ. ಅಲ್ಲಿಂದ ಕಾರಿನಲ್ಲಿ ಕೆಲವೇ ನಿಮಿಷ ಹೋದರೆ ನಾರ್ತ್ ಲಮಾರ್ ರಸ್ತೆಯ ಚೈನಾಟೌನ್ ಸೆಂಟರ್ ಸಿಗುತ್ತದೆ. ಅಲ್ಲಿನ ಫಲಕಗಳಲ್ಲಿ, ಬಬಲ್ ಟೀ ಅಂಗಡಿಗಳ ಗಾಜಿನ ಮೇಲೆ, ದಿನಸಿ ಅಂಗಡಿಯ ಡಬ್ಬಿಗಳ ಸಾಲಿನಲ್ಲಿ ಒಂದು ಚೀನೀ ಅಕ್ಷರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೇಲೆ ಒಂದು ಅಡ್ಡಗೆರೆ, ಅದನ್ನು ಕತ್ತರಿಸುವ ಎರಡು ಪುಟ್ಟ ನಿಲುಗೆರೆ; ಅದರ ಕೆಳಗೆ ಮನೆಯ ಮಾಡಿನಂತೆ ಇಳಿಯುವ ಎರಡು ಓರೆಗೆರೆ; ಮಾಡಿನಡಿ ಒಂದು ಅಡ್ಡ, ಒಂದು ಉದ್ದ, ಅಕ್ಕಪಕ್ಕ ಎರಡು ಕಿರುಗೆರೆ. ಒಟ್ಟು ಒಂಬತ್ತು ಗೆರೆಗಳು. ಇದು ಚಹಾ. ಅಕ್ಷರಕ್ಕೂ ಪದಕ್ಕೂ ಇದೊಂದೇ ಗುರುತು.

ಟೆಕ್ಸಾಸ್‌ನ ಅನೇಕ ಶಾಲೆಗಳಲ್ಲಿ ಮ್ಯಾಂಡರಿನ್ ಕಲಿಸುತ್ತಾರೆ, ಕಲಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಈ ಅಕ್ಷರವನ್ನು ನೆನಪಿಡಲು ಸಾಮಾನ್ಯವಾಗಿ ಒಂದು ಕತೆ ಹೇಳಲಾಗುತ್ತದೆ. ಮೇಲಿರುವುದು ಹುಲ್ಲು, ಕೆಳಗಿರುವುದು ಮರ, ನಡುವೆ ನಿಂತವನು ಮನುಷ್ಯ. ಹುಲ್ಲು ಮತ್ತು ಮರದ ನಡುವೆ ನೆಮ್ಮದಿಯಾಗಿರುವ ಮನುಷ್ಯನೇ ಚಹಾ ಎಂದು. ಕತೆ ಸೊಗಸಾಗಿದೆ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಅಕ್ಷರ ಹುಟ್ಟಿದ್ದು ಹಾಗಲ್ಲ. ನಿಜವಾದ ಚರಿತ್ರೆ ಈ ಕತೆಗಿಂತ ಹೆಚ್ಚು ರುಚಿಕರ ಎಂಬುದು ನನ್ನ ಅಭಿಪ್ರಾಯ.

ಚೀನೀ ಅಕ್ಷರಗಳೆಲ್ಲ ಚಿತ್ರಗಳು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮರ, ಬೆಟ್ಟ, ಸೂರ್ಯನಂಥ ಕೆಲವಕ್ಕೆ ಅದು ನಿಜ. ಬಹುಪಾಲು ಅಕ್ಷರಗಳು ಮಾತ್ರ ಎರಡು ಭಾಗಗಳ ಜೋಡಣೆ. ಒಂದು ಭಾಗ ಅರ್ಥದ ವರ್ಗವನ್ನು ಸೂಚಿಸುತ್ತದೆ, ಇನ್ನೊಂದು ಉಚ್ಚಾರಣೆಯ ಸುಳಿವು ಕೊಡುತ್ತದೆ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ವಿದ್ವಾಂಸ ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳನ್ನು ಬಿಡಿಸಿ ವಿವರಿಸುವ ಕೋಶವನ್ನು ರಚಿಸಿದಾಗಲೇ ಈ ಸೂತ್ರ ಸ್ಪಷ್ಟವಾಗಿತ್ತು. ಆ ಕೋಶದಲ್ಲಿ ನಮ್ಮ ಒಂಬತ್ತು ಗೆರೆಗಳ ಅಕ್ಷರ ಇಲ್ಲ. ಅಲ್ಲಿರುವುದು ಅದರ ಅಣ್ಣ. ಮರದ ಭಾಗದಲ್ಲಿ ಒಂದು ಅಡ್ಡಗೆರೆ ಹೆಚ್ಚಾಗಿರುವ, ಹತ್ತು ಗೆರೆಗಳ ಆ ಅಕ್ಷರವನ್ನು ಇಂದು ‘ತು’ ಎಂದು ಓದುತ್ತಾರೆ. ಅದರ ಮೇಲ್ಭಾಗದ ಹುಲ್ಲು ‘ಇದು ಸಸ್ಯ’ ಎನ್ನುತ್ತದೆ. ಕೆಳಗಿನ ಭಾಗ ಬರೀ ಧ್ವನಿಸೂಚಕ. ಇಂದಿನ ಮ್ಯಾಂಡರಿನ್‌ನಲ್ಲಿ ಅದರ ಉಚ್ಚಾರಣೆ ‘ಯು’. ಅಲ್ಲಿ ಮನುಷ್ಯನೂ ಇಲ್ಲ, ಮರವೂ ಇಲ್ಲ. ಧ್ವನಿಸೂಚಕದಿಂದ ಒಂದು ಗೆರೆ ಬಿದ್ದುಹೋದ ಮೇಲೆ ಉಳಿದದ್ದು ಆಕಸ್ಮಿಕವಾಗಿ ಮನುಷ್ಯ ಮತ್ತು ಮರದಂತೆ ಕಂಡಿತು, ಕತೆ ಆಮೇಲೆ ಹುಟ್ಟಿಕೊಂಡಿತು.

ಗೆರೆ ಬಿದ್ದದ್ದೇಕೆ? ‘ತು’ ಎಂಬ ಅಕ್ಷರಕ್ಕೆ ಹೊರೆ ಹೆಚ್ಚಾಗಿತ್ತು. ಹಳೆಯ ಚೀನೀ ಕಾವ್ಯದಲ್ಲಿ ಅದು ಕಹಿ ಸೊಪ್ಪು. ಇನ್ನೊಂದೆಡೆ ಜೊಂಡುಹುಲ್ಲಿನ ಬಿಳಿ ಹೂವು. ನೈಋತ್ಯ ಚೀನಾದಲ್ಲಿ ಎಲೆ ಕುದಿಸಿ ಕುಡಿಯುವ ರೂಢಿ ಹಬ್ಬತೊಡಗಿದಾಗ ಆ ಕಹಿ ಎಲೆಗೂ ಇದೇ ಅಕ್ಷರ ಬಂತು. ಕ್ರಿ.ಪೂ. 59ರಲ್ಲಿ ವಾಂಗ್ ಬಾವೊ ಎಂಬಾತ ಬರೆದ, ಆಳೊಬ್ಬನ ಕೆಲಸಗಳನ್ನು ಪಟ್ಟಿಮಾಡುವ ಒಂದು ಕರಾರಿನಲ್ಲಿ ‘ತು’ ಕೊಂಡು ತರುವ ಕೆಲಸವೂ ಸೇರಿದೆ. ಚಹಾದ ಮೊದಲ ಉಲ್ಲೇಖ ಎಂದು ಅದನ್ನು ಎತ್ತಿ ಹೇಳುತ್ತಾರೆ. ಆದರೆ ಅಂಥ ಹಳೆಯ ಬರಹದಲ್ಲಿ ‘ತು’ ಬಂದರೆ ಅದು ಸೊಪ್ಪೋ ಚಹಾವೋ ಎಂದು ಅಕ್ಷರ ಮಾತ್ರದಿಂದ ತೀರ್ಮಾನಿಸಲಾಗದು.

ಇಲ್ಲಿ ಪ್ರಯೋಗಾಲಯ ನೆರವಿಗೆ ಬರುತ್ತದೆ. ಕ್ರಿ.ಪೂ. 141ರಲ್ಲಿ ತೀರಿಕೊಂಡ ಹಾನ್ ದೊರೆ ಜಿಂಗ್‌ನ ಸಮಾಧಿ ಶಿಆನ್ ನಗರದ ಬಳಿ ಇದೆ. ಅಲ್ಲಿನ ಗುಂಡಿಯೊಂದರಲ್ಲಿ ಸಿಕ್ಕ ಎಲೆಮೊಗ್ಗುಗಳ ಗಂಟನ್ನು ಪರೀಕ್ಷಿಸಿದ ಚೀನೀ ವಿಜ್ಞಾನಿಗಳು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಕೆಫೀನ್ ಇತ್ತು, ಜೊತೆಗೆ ಥಿಯನೀನ್ ಎಂಬ ಅಮೈನೋ ಆಮ್ಲವೂ ಇತ್ತು. ಕೆಫೀನ್ ಹಲವು ಗಿಡಗಳಲ್ಲಿ ಸಿಗುತ್ತದೆ, ಥಿಯನೀನ್ ಹಾಗಲ್ಲ. ಅದು ಹೆಚ್ಚುಕಡಿಮೆ ಚಹಾ ಗಿಡ ಮತ್ತು ಅದರ ಹತ್ತಿರದ ಬಂಧುಗಳ ಸ್ವತ್ತು. ಎರಡೂ ಒಟ್ಟಿಗೆ ಇದ್ದ ಕಾರಣ, ಸುಮಾರು 2100 ವರ್ಷಗಳ ಹಿಂದೆ ದೊರೆಯೊಬ್ಬನ ಜೊತೆ ಹೂತಿದ್ದು ಚಹಾ ಎಂದು ಖಚಿತವಾಯಿತು.

ಹೊಸ ಅಕ್ಷರ ಯಾವಾಗ ಬಂತು ಎಂಬುದಕ್ಕೆ ಉತ್ತರ ಕಲ್ಲಿನಲ್ಲಿದೆ. ಶಾಸನಗಳ ಲಿಪಿ ನೋಡಿ ಕಾಲ ಹೇಳುವ ವಿದ್ಯೆಗೆ ಕನ್ನಡ ನಾಡಿನಲ್ಲಿ ದೊಡ್ಡ ಪರಂಪರೆಯೇ ಇರುವುದರಿಂದ ಈ ಭಾಗ ನಮ್ಮ ಓದುಗರಿಗೆ ವಿಶೇಷವಾಗಿ ಹಿಡಿಸೀತು. 17ನೆಯ ಶತಮಾನದ ವಿದ್ವಾಂಸ ಗು ಯಾನ್‌ವು ತೈಶಾನ್ ಬೆಟ್ಟದ ಹಳೆಯ ಶಾಸನಗಳನ್ನು ಒಂದೊಂದಾಗಿ ಓದಿದ. 779ರ ಬರಹದಲ್ಲಿ ಚಹಾಕ್ಕೆ ಹತ್ತು ಗೆರೆಗಳ ಹಳೆಯ ಅಕ್ಷರವೇ ಇತ್ತು, 798ರದರಲ್ಲೂ ಹಾಗೆಯೇ. ಬೇರೆಡೆಯ 841 ಮತ್ತು 855ರ ಶಾಸನಗಳಲ್ಲಿ ಒಂದು ಗೆರೆ ಮಾಯವಾಗಿತ್ತು. ಬದಲಾವಣೆ ಆದದ್ದು ಟಾಂಗ್ ಕಾಲದ ನಡುಭಾಗದ ಈಚೆಗೆ ಎಂದು ಅವನು ತೀರ್ಮಾನಿಸಿದ. 733ರಿಂದ 804ರವರೆಗೆ ಬದುಕಿದ್ದ ಲು ಯು, ಚಹಾದ ಬಗ್ಗೆಯೇ ಇಡೀ ಗ್ರಂಥ ಬರೆದದ್ದು ಇದೇ ಸಂಧಿಕಾಲದಲ್ಲಿ. ಚಹಾಕ್ಕೆ ಐದು ಹೆಸರುಗಳನ್ನು ಅವನು ಕೊಡುತ್ತಾನೆ. ಕೊನೆಗೆ ಗೆದ್ದದ್ದು ಒಂದೇ.

855ರ ಶಾಸನದಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಗೆರೆ ಕಳೆದುಕೊಂಡ ಅಕ್ಷರ ಬಂದಿರುವುದು ಪಾನೀಯದ ಅರ್ಥದಲ್ಲಿ ಅಲ್ಲ. ಬೌದ್ಧ ಭಿಕ್ಷುವಿನ ದಹನಕ್ರಿಯೆಯನ್ನು ಹೇಳುವ ಶಬ್ದದ ಮೊದಲ ಅಕ್ಷರವಾಗಿ. ಆ ಶಬ್ದ ಮೂಲದಲ್ಲಿ ಭಾರತದ್ದು. ‘ಸುಡುತ್ತಾನೆ’ ಎಂಬ ಅರ್ಥದ ಪಾಲಿಯ ‘ಝಾಪೇತಿ’ಗೆ ಚೀನೀಯರು ತಮ್ಮ ಅಕ್ಷರಗಳ ಧ್ವನಿಯನ್ನಷ್ಟೇ ಬಳಸಿ ಮಾಡಿಕೊಂಡ ರೂಪ ಅದು.

ಈಗ ಉಚ್ಚಾರಣೆಗೆ ಬರೋಣ. ‘ಯು’ ಎಂಬ ಧ್ವನಿಸೂಚಕಕ್ಕೂ ‘ಚಾ’ ಎಂಬ ಓದಿಗೂ ಎಲ್ಲಿಯ ಸಂಬಂಧ? ವಿಲಿಯಂ ಬ್ಯಾಕ್ಸ್ಟರ್ ಮತ್ತು ಲೋರಾಂ ಸಗಾರ್ ಎಂಬ ಭಾಷಾಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಹಳೆಯ ಚೀನೀ ಭಾಷೆಯ ಪುನರ್ರಚನೆಯ ಪ್ರಕಾರ ಇವೆಲ್ಲ ಒಂದು ಕಾಲಕ್ಕೆ ‘ಲಾ’ ಎಂಬ ಧ್ವನಿಯ ಸುತ್ತ ಇದ್ದವು. ಚಹಾದ ಶಬ್ದದಲ್ಲಿ ಲಕಾರದ ಪಕ್ಕ ಒಂದು ರಕಾರವೂ ಇತ್ತು. ಲಕಾರ ಕ್ರಮೇಣ ದಕಾರವಾಯಿತು. ರಕಾರ ತಾನು ಕರಗುತ್ತಾ ದಕಾರದ ನಾಲಿಗೆಯನ್ನು ಹಿಂದಕ್ಕೆ ಮಡಿಸಿತು. ಇದು ನಮಗೆ ಹೊಸತಲ್ಲ. ಸಂಸ್ಕೃತದ ‘ನೃತ್’ ಪ್ರಾಕೃತದ ಬಾಯಲ್ಲಿ ‘ನಟ’ ಆದದ್ದು ಇದೇ ಬಗೆಯ ಕ್ರಿಯೆಯಿಂದ: ಋಕಾರ ಹೋಯಿತು, ತಕಾರ ಟಕಾರವಾಯಿತು. ಹೀಗೆ ಟಾಂಗ್ ಕಾಲದ ಹೊತ್ತಿಗೆ ಚಹಾದ ಹೆಸರು ಸುಮಾರಾಗಿ ‘ಡಾ’. ಇಂಗ್ಲಿಷ್ ಮಾತೃಭಾಷೆಯವರು ಈ ಮೂರ್ಧನ್ಯ ಧ್ವನಿಯನ್ನು ಕಷ್ಟಪಟ್ಟು ಕಲಿಯಬೇಕು. ಕನ್ನಡದ ಮಗುವಿಗೆ ಅದು ಟಠಡಢಣ ಸಾಲಿನಲ್ಲಿ ಸಿದ್ಧವಾಗಿಯೇ ಇದೆ.

ಆ ‘ಡಾ’ ಮುಂದೆ ಬಹುತೇಕ ಚೀನೀ ನುಡಿಗಳಲ್ಲಿ ಚಕಾರವಾಯಿತು. ಮ್ಯಾಂಡರಿನ್‌ನಲ್ಲಿ ಸ್ವರ ಏರುತ್ತಾ ಹೋಗುವ, ಉಸಿರು ಬೆರೆತ ‘ಛಾ’. ಕ್ಯಾಂಟನೀಸ್‌ನಲ್ಲಿ ತಗ್ಗಿದ ಸ್ವರದ ‘ಛಾ’. ಫುಜಿಯಾನ್ ಕರಾವಳಿಯ ಮಿನ್ ನುಡಿಗಳು ಮಾತ್ರ ಈ ಎಲ್ಲ ಬದಲಾವಣೆಗಳಿಗೆ ಬಹಳ ಮುಂಚೆಯೇ ಕವಲೊಡೆದಿದ್ದವು. ಅಲ್ಲಿ ಚಕಾರ ಬರಲೇ ಇಲ್ಲ. ಶಬ್ದ ‘ತೇ’ ಎಂದು ನಿಂತಿತು. ಬರೆಯುವ ಅಕ್ಷರ ಮಾತ್ರ ಅದೇ ಒಂಬತ್ತು ಗೆರೆಯದು.

ಜಗತ್ತಿನ ಭಾಷೆಗಳು ಚಹಾವನ್ನು ಹೇಗೆ ಕರೆಯುತ್ತವೆ ಎಂಬುದು ಯಾರು ಯಾವ ಬಂದರಿನಿಂದ ಕೊಂಡರು ಎಂಬುದರ ದಾಖಲೆ. ಮಕಾವ್‌ನಲ್ಲಿ ನೆಲೆಸಿದ ಪೋರ್ಚುಗೀಸರು ‘ಶಾ’ ಎಂದರು. ನೆಲದ ಹಾದಿಯಲ್ಲಿ ಹೋದದ್ದು ಪರ್ಶಿಯನ್‌ನಲ್ಲಿ ‘ಚಾಯ್’ ಆಗಿ ರಷ್ಯಾ, ತುರ್ಕಿ, ಹಿಂದುಸ್ತಾನದವರೆಗೆ ಹಬ್ಬಿತು. ಜಾವಾದಲ್ಲಿ ಫುಜಿಯಾನ್ ವ್ಯಾಪಾರಿಗಳೊಡನೆ ವ್ಯವಹರಿಸಿದ ಡಚ್ಚರು 17ನೆಯ ಶತಮಾನದಲ್ಲಿ ‘ತೇ’ಯನ್ನು ಯುರೋಪಿಗೆ ಒಯ್ದರು. ಇಂಗ್ಲಿಷ್‌ನಲ್ಲಿ ಅದನ್ನು ಮೊದಮೊದಲು ‘ಟೇ’ ಎಂದೇ ನುಡಿಯುತ್ತಿದ್ದರು, ‘ಟೀ’ ಆದದ್ದು ಆಮೇಲೆ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಥಿಯಾ ಸೈನೆನ್ಸಿಸ್ ಎಂದು ಹೆಸರಿಟ್ಟ. ಇಂದು ಸಸ್ಯಶಾಸ್ತ್ರ ಅದನ್ನು ಕ್ಯಾಮೆಲಿಯಾ ಕುಲಕ್ಕೆ ಸೇರಿಸಿದೆ, ಆದರೆ ಥಿಯನೀನ್ ಎಂಬ ಹೆಸರಿನಲ್ಲಿ ಫುಜಿಯಾನ್‌ನ ‘ತೇ’ ಉಳಿದುಕೊಂಡಿದೆ.

ಕನ್ನಡದಲ್ಲಿ ಎರಡು ಹಾದಿಗಳೂ ಬಂದು ಸೇರಿವೆ. ಧಾರವಾಡ, ಬೆಳಗಾವಿಯ ಕಡೆ ಮರಾಠಿಯೊಡನೆ ಹಂಚಿಕೊಂಡ ‘ಚಹಾ’, ಕರಾವಳಿಯಲ್ಲಿ ‘ಚಾ’, ಮೈಸೂರು, ಬೆಂಗಳೂರಿನ ಕಡೆ ಇಂಗ್ಲಿಷಿನಿಂದ ಬಂದ ‘ಟೀ’. ಇಂಗ್ಲಿಷಿನ ಹಲ್ಲೊಸಡಿನ ಧ್ವನಿಯನ್ನು ನಮ್ಮ ಕಿವಿ ಟಕಾರವೆಂದು ಹಿಡಿದದ್ದರಿಂದ, ಫುಜಿಯಾನ್, ಜಾವಾ, ಹಾಲೆಂಡ್, ಲಂಡನ್ ಸುತ್ತಿ ಬಂದ ‘ತೇ’ಯ ನಾಲಿಗೆ ಬೆಂಗಳೂರಿನಲ್ಲಿ ಟಾಂಗ್ ಕಾಲದ ‘ಡಾ’ದಂತೆಯೇ ಮಡಿಸಿಕೊಂಡಿತು. ಇದು ಕಾಕತಾಳೀಯವೇ, ಆದರೂ ನನಗೆ ತುಂಬಾ ಪ್ರಿಯವಾದ ಕಾಕತಾಳೀಯ.

ಟೆಕ್ಸಾಸ್‌ಗೂ ಈ ಶಬ್ದ ಬೇರೆ ಬೇರೆ ಅಲೆಗಳಲ್ಲಿ ಬಂತು. 1870ರ ಜನವರಿಯಲ್ಲಿ ರೈಲುದಾರಿ ಹಾಕಲು ಸುಮಾರು 250 ಚೀನೀ ಕಾರ್ಮಿಕರು ಕ್ಯಾಲ್ವರ್ಟ್ ಊರಿಗೆ ಬಂದರು. ಆ ಕಾಲದ ಅಮೆರಿಕದ ಚೀನೀಯರಲ್ಲಿ ಬಹುಪಾಲು ಜನ ಗ್ವಾಂಗ್‌ಡಾಂಗ್ ಪ್ರಾಂತದವರು, ಅವರ ಶಬ್ದ ಚಕಾರದ್ದು. 1882ರ ಕಾನೂನು ಚೀನೀ ಕಾರ್ಮಿಕರ ಪ್ರವೇಶವನ್ನೇ ತಡೆಯಿತು. 1965ರ ವಲಸೆ ಕಾನೂನಿನ ನಂತರ ತೈವಾನಿನಿಂದ ಬಂದ ಕುಟುಂಬಗಳಲ್ಲಿ ಮಿನ್ ನುಡಿಯವರೂ ಇದ್ದರು, ಅವರ ಮನೆಗಳಲ್ಲಿ ‘ತೇ’. ಬಬಲ್ ಟೀ ಹುಟ್ಟಿದ್ದೂ 1980ರ ದಶಕದ ತೈವಾನಿನಲ್ಲಿ. 1975ರ ನಂತರ ಹೂಸ್ಟನ್‌ಗೆ ವಿಯೆಟ್ನಾಮಿನವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಟಾಂಗ್ ಕಾಲದ ಚೀನೀಯಿಂದ ಅವರ ಭಾಷೆ ಪಡೆದ ಶಬ್ದ ‘ಟ್ರಾ’. ದಕ್ಷಿಣ ವಿಯೆಟ್ನಾಮಿನವರ ಬಾಯಲ್ಲಿ ಅದರ ಮೊದಲ ಧ್ವನಿ ಇಂದಿಗೂ ನಾಲಿಗೆ ಮಡಿಸಿ ಬರುತ್ತದೆ. ಸಾವಿರದ ಇನ್ನೂರು ವರ್ಷಗಳ ಹಿಂದಿನ ‘ಡಾ’ಗೆ ಹತ್ತಿರದ ಉಚ್ಚಾರಣೆ ಕೇಳಬೇಕಾದರೆ ಬೀಜಿಂಗ್‌ಗಿಂತ ಹೂಸ್ಟನ್‌ನ ಬೆಲೆಯರ್ ಬುಲೆವಾರ್ಡ್ ಒಳ್ಳೆಯ ಜಾಗ.

ಅರ್ಥವೂ ಹಿಗ್ಗಿದೆ. ಕ್ಯಾಂಟನೀಸರ ‘ಯಮ್ ಚಾ’ ಅಕ್ಷರಶಃ ಚಹಾ ಕುಡಿಯುವುದು, ನಿಜದಲ್ಲಿ ಬಗೆಬಗೆಯ ಸಣ್ಣ ತಿಂಡಿಗಳ ಊಟ. ಜಪಾನಿನಲ್ಲಿ ‘ಚಹಾ ಬಣ್ಣ’ ಎಂದರೆ ಕಂದು, ‘ಚಹಾ ಬಟ್ಟಲು’ ಎಂಬ ಹೆಸರಿನ ಪಾತ್ರೆಯಲ್ಲಿ ಅನ್ನ ಉಣ್ಣುತ್ತಾರೆ. ಹಳೆಯ ಚೀನಾದಲ್ಲಿ ‘ಚಹಾ ಸ್ವೀಕರಿಸುವುದು’ ಎಂದರೆ ಹೆಣ್ಣಿನ ಕಡೆಯವರು ಮದುವೆಗೆ ಒಪ್ಪಿದ್ದು. ಚಹಾ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಬದುಕದು ಎಂಬ ನಂಬಿಕೆ ಅದರ ಹಿಂದಿತ್ತು. ಅಕ್ಷರದ ಮೇಲ್ಭಾಗವನ್ನು ಎರಡು ಹತ್ತುಗಳೆಂದೂ ಕೆಳಭಾಗವನ್ನು ಎಂಬತ್ತೆಂಟೆಂದೂ ಓದಿ ಕೂಡಿಸಿದರೆ 108. ಆದ್ದರಿಂದ 108ನೆಯ ಹುಟ್ಟುಹಬ್ಬಕ್ಕೆ ಚೀನಾ, ಜಪಾನ್‌ಗಳಲ್ಲಿ ‘ಚಹಾ ಆಯುಸ್ಸು’ ಎಂಬ ಹೆಸರು.

ಎಲೆ ಯಾವುದೇ ಇರಲಿ, ಕುದಿಸಿ ಕುಡಿದರೆ ಚಹಾ ಎನ್ನುವ ರೂಢಿಯೂ ಇದೆ. ಚೀನಾದ ‘ಕು ಡಿಂಗ್ ಚಾ’ ಎಂಬ ಕಹಿ ಕಷಾಯದಲ್ಲಿ ಚಹಾ ಎಲೆ ಇಲ್ಲ. ಹೆಚ್ಚಾಗಿ ಅದು ಐಲೆಕ್ಸ್ ಕುಲದ ಗಿಡಗಳ ಎಲೆ. ಆಸ್ಟಿನ್‌ನ ಮನೆಯಂಗಳಗಳಲ್ಲಿ ಬೇಲಿಯಾಗಿ ಬೆಳೆಸುವ, ಕೆಂಪು ಹಣ್ಣಿನ ಯೋಪಾನ್ ಕೂಡ ಅದೇ ಐಲೆಕ್ಸ್ ಕುಲದ್ದು. ಟೆಕ್ಸಾಸ್‌ನ ಈ ನೆಲದ ಗಿಡದಲ್ಲಿ ಕೆಫೀನ್ ಇದೆ. ಯುರೋಪಿಯನ್ನರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳು ಅದರ ಎಲೆಯನ್ನು ಹುರಿದು ಕುದಿಸಿ ಕುಡಿಯುತ್ತಿದ್ದರು. ಇಂದು ಅದನ್ನು ಯೋಪಾನ್ ಟೀ ಎಂದು ಮಾರುತ್ತಾರೆ.

ಡಲ್ಲಾಸ್, ಹೂಸ್ಟನ್, ಆಸ್ಟಿನ್‌ಗಳ ಕನ್ನಡ ತಾಯ್ತಂದೆಯರಲ್ಲಿ ನನ್ನದೊಂದು ವಿನಂತಿ. ಮಗು ಮ್ಯಾಂಡರಿನ್ ತರಗತಿಯಿಂದ ಹುಲ್ಲು, ಮನುಷ್ಯ, ಮರದ ಕತೆ ಹೊತ್ತು ಬಂದರೆ ಅದನ್ನು ಕೇಳಿ ಸಂತೋಷಪಡಿ, ಬಳಿಕ ಬಿದ್ದುಹೋದ ಗೆರೆಯ ಸಂಗತಿಯನ್ನೂ ಹೇಳಿ. ಲಾ, ಡಾ, ಚಾ ಎಂದು ಸರದಿಯಾಗಿ ನುಡಿಸಿ. ಮನೆಯಲ್ಲಿ ಅಜ್ಜಿ ಚಹಾ ಎಂದು, ಅಮ್ಮ ಟೀ ಎಂದು ಹೇಳುತ್ತಿದ್ದರೆ ಎರಡನ್ನೂ ಕಲಿಸಿ, ಒಂದನ್ನೂ ತಿದ್ದಬೇಡಿ.