ಮೊದಲು ಲೆನ್ಸು, ಆಮೇಲೆ ಕ್ಯಾಮೆರಾ

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಲು ಹೊರಟವರ ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಇರಬೇಕು. ಲೆನ್ಸನ್ನು ಬಾಡಿಯಿಂದ ಕಳಚಿ, ಅಪರ್ಚರ್ ರಿಂಗನ್ನು 1.8ಕ್ಕೋ 2ಕ್ಕೋ ತಿರುಗಿಸಿ ಪೂರ್ತಿ ತೆರೆದು, ಹಿಂಬದಿಯಿಂದ ಬೆಳಕು ಬಿಟ್ಟು ಓರೆಯಾಗಿ ನೋಡಬೇಕು. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕವಲೊಡೆದಿದ್ದರೆ ಅದು ಫಂಗಸ್. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡು, ಕರಾವಳಿಯ ಮನೆಗಳಲ್ಲಿ, ಅದರಲ್ಲೂ ಚರ್ಮದ ಕೇಸಿನೊಳಗೆ ವರ್ಷಾನುಗಟ್ಟಲೆ ಬೀರುವಿನಲ್ಲೇ ಉಳಿದ ಲೆನ್ಸುಗಳಲ್ಲಿ, ಇದು ತೀರಾ ಸಾಮಾನ್ಯ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಧಕ್ಕೆಯಿಲ್ಲ. ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕಿದ್ದರೆ ಮಾತ್ರ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಧೂಳಿನ ನಾಲ್ಕು ಕಣಗಳಿಗೆ ಹೆದರಬೇಕಾಗಿಲ್ಲ. ಕೊನೆಗೆ ಅಪರ್ಚರಿನ ಬ್ಲೇಡುಗಳನ್ನು ನೋಡಿ. ಅವು ಒಣಗಿರಬೇಕು, ಥಟ್ಟನೆ ಮುಚ್ಚಿ ತೆರೆಯಬೇಕು. ಎಣ್ಣೆಯ ಜಿಡ್ಡು ಹೊಳೆಯುತ್ತಿದ್ದರೆ ರಿಪೇರಿಯ ಖರ್ಚು ಕಾದಿದೆ ಎಂದೇ ಅರ್ಥ.

ಬಾಡಿಗಿಂತ ಲೆನ್ಸಿಗೆ ಇಷ್ಟು ಗಮನ ಏಕೆ? ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಬಾಡಿಯೊಳಗೇ ಕೂತಿರುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ಆ ಕೆಲಸ ರೋಲಿನದು. ಬಾಡಿ ಮಾಡಬೇಕಾದ್ದು ಇಷ್ಟೇ: ಬೆಳಕು ನುಸುಳದಂತೆ ಕಾಯುವುದು, ಫಿಲ್ಮನ್ನು ಸಪಾಟಾಗಿ ಹಿಡಿಯುವುದು, ಹೇಳಿದಷ್ಟು ಹೊತ್ತು ಶಟರ್ ತೆರೆಯುವುದು. ಒಂದೇ ಲೆನ್ಸು, ಒಂದೇ ರೋಲು ಹಾಕಿದರೆ ದುಬಾರಿ ಬಾಡಿಯ ಚಿತ್ರಕ್ಕೂ ಸಾಧಾರಣ ಬಾಡಿಯ ಚಿತ್ರಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಆದ್ದರಿಂದ ಕೈಲಿರುವ ದುಡ್ಡನ್ನು ಮೊದಲು ಒಳ್ಳೆಯ ಲೆನ್ಸಿಗೂ ರೋಲುಗಳಿಗೂ ತೆಗೆದಿಡಿ.

ಇಲ್ಲಿ ಮೌಂಟಿನ, ಅಂದರೆ ಲೆನ್ಸು ಬಾಡಿಗೆ ಕೂರುವ ಜೋಡಣೆಯ, ಪ್ರಶ್ನೆ ಬರುತ್ತದೆ. ನಿಕಾನ್ ತನ್ನ ಎಫ್ ಮೌಂಟನ್ನು 1959ರಿಂದ ಬಿಟ್ಟುಕೊಡದೆ ದಶಕಗಳ ಕಾಲ ಸಾಕಿತು. ಮನೆಯಲ್ಲಿ ನಿಕಾನ್ ಡಿಎಸ್‌ಎಲ್‌ಆರ್ ಜೊತೆ ಬಂದ 50 ಎಂಎಂ 1.8ಡಿ ಲೆನ್ಸು ಇದ್ದರೆ ಅದು ಹಳೆಯ ಎಫ್‌ಎಂ2 ಫಿಲ್ಮ್ ಕ್ಯಾಮೆರಾದ ಮೇಲೂ ಕೂರುತ್ತದೆ. ಆದರೆ ಅಪರ್ಚರ್ ರಿಂಗ್ ಇಲ್ಲದ ಹೊಸ 'ಜಿ' ಲೆನ್ಸುಗಳು ಅಲ್ಲಿ ಉಪಯೋಗಕ್ಕೆ ಬಾರವು. ಕ್ಯಾನನ್ ಕಥೆ ಬೇರೆ. 1987ರಲ್ಲಿ ಅದು ಇಎಫ್ ಮೌಂಟಿಗೆ ಹಾರಿದ್ದರಿಂದ ಹಿಂದಿನ ಎಫ್‌ಡಿ ಲೆನ್ಸುಗಳು ಒಂಟಿಯಾದವು. ಅದೇ ಕಾರಣಕ್ಕೆ ಬಹುಕಾಲ ಅವು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಗುಣದಲ್ಲಿ ಮಾತ್ರ ಯಾವುದಕ್ಕೂ ಕಡಿಮೆಯಲ್ಲ.

ಮೊದಲ ಲೆನ್ಸು ಯಾವುದು ಎಂದು ಕೇಳಿದರೆ ನನ್ನ ಉತ್ತರ 50 ಎಂಎಂ. 35 ಎಂಎಂ ಫಿಲ್ಮಿನ ಚೌಕಟ್ಟು 24×36 ಮಿಲಿಮೀಟರ್. ಅದರ ಕರ್ಣ ಸುಮಾರು 43. ಫೋಕಲ್ ಲೆಂಗ್ತ್ ಇದಕ್ಕೆ ಹತ್ತಿರವಿದ್ದಾಗ ದೃಶ್ಯ ಹಿಗ್ಗದೆ ಕುಗ್ಗದೆ, ಕಣ್ಣಿಗೆ ಕಂಡ ಹಾಗೆಯೇ ಬರುತ್ತದೆ. 1.4ರ ಆಸೆಗೆ ಹೆಚ್ಚು ಹಣ ಸುರಿಯುವುದಕ್ಕಿಂತ 1.8ರದ್ದು ಕೊಂಡು ಉಳಿದ ದುಡ್ಡಿಗೆ ರೋಲು ತರುವುದು ಮೇಲು. ಪೆಂಟಾಕ್ಸಿನ ಹಳೆಯ ಸೂಪರ್ ಟಕುಮಾರ್ 50 ಎಂಎಂ 1.4 ಕೈಗೆ ಬಂದು, ಗಾಜು ಹಳದಿಯಾಗಿ ಕಂಡರೆ ಗಾಬರಿ ಬೇಡ. ಅದರ ಕೆಲವು ಮಾದರಿಗಳ ಗಾಜಿನಲ್ಲಿ ಥೋರಿಯಂ ಬೆರೆಸಿದ್ದಾರೆ; ಕಾಲ ಕಳೆದಂತೆ ಅದು ಹಳದಿಗಟ್ಟುತ್ತದೆ. ಕೆಲವು ದಿನ ಬಿಸಿಲಿಗೆ ಇಟ್ಟರೆ ಬಣ್ಣ ಬಹುಮಟ್ಟಿಗೆ ತಿಳಿಯಾಗುತ್ತದೆ.

ಬಾಡಿಯ ವಿಷಯಕ್ಕೆ ಬಂದರೆ, ಕಲಿಯುವವರಿಗೆ ಪೆಂಟಾಕ್ಸ್ ಕೆ1000 ಸಾಕು. 1976ರಿಂದ 1997ರವರೆಗೆ ತಯಾರಾದ ಗಟ್ಟಿ ಯಂತ್ರ. ನಿಕಾನ್ ಎಫ್‌ಎಂ2 ಇನ್ನೂ ಚುರುಕು, ಸೆಕೆಂಡಿನ 1/4000 ಭಾಗದವರೆಗೂ ಹೋಗುತ್ತದೆ. ಎರಡರಲ್ಲೂ ಬ್ಯಾಟರಿ ಬೇಕಾದ್ದು ಲೈಟ್ ಮೀಟರಿಗೆ ಮಾತ್ರ. ಅದು ಸತ್ತರೂ ಶಟರ್ ಓಡುತ್ತದೆ. ಕ್ಯಾನನ್ ಎಇ-1ರಲ್ಲಿ ಹಾಗಲ್ಲ, ಬ್ಯಾಟರಿ ಮುಗಿದರೆ ಕ್ಯಾಮೆರಾವೇ ನಿಂತಂತೆ. ಕೊಳ್ಳುವಾಗ ಹಿಂಬಾಗಿಲು ತೆರೆದು, 1 ಸೆಕೆಂಡಿಗೆ ಇಟ್ಟು, ಶಟರ್ ನಿಜಕ್ಕೂ ಅಷ್ಟು ಹೊತ್ತು ತೆರೆದಿರುತ್ತದೆಯೇ ನೋಡಿ. ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಬೆರಳಿಗೆ ಅಂಟಾಗಿ ಹತ್ತಿದರೆ ಬದಲಿಸಬೇಕು, ಸಣ್ಣ ಕೆಲಸ. ಅಜ್ಜನ ಆಗ್ಫಾ ಕ್ಲಿಕ್ 3 ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಅದಕ್ಕೆ ಬೇಕಾದ 120 ಫಿಲ್ಮ್ ಇಂದಿಗೂ ಸಿಗುತ್ತದೆ.

ಇನ್ನು ರೋಲು. ಒಂದು ಕಾಲಕ್ಕೆ ನಮ್ಮ ನೆರೆಯ ಊಟಿಯಲ್ಲೇ ಫಿಲ್ಮ್ ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನಲ್ಲಿ ಅದನ್ನು ಮಾರುತ್ತಿತ್ತು. ಅದು ಮುಚ್ಚಿಹೋದದ್ದು ಈ ಹವ್ಯಾಸಕ್ಕೆ ದೊಡ್ಡ ನಷ್ಟವೆಂದೇ ನನ್ನ ಭಾವನೆ. ಈಗ ಅಂಗಡಿಯಲ್ಲಿ ಸಿಗುವ ಕೊಡಾಕ್ ರೋಲು ಅಮೆರಿಕದ ರಾಚೆಸ್ಟರಿನಿಂದ, ಇಲ್‌ಫೋರ್ಡ್ ಇಂಗ್ಲೆಂಡಿನ ಮೊಬರ್ಲಿಯಿಂದ ಬರಬೇಕು. 36 ಚಿತ್ರಗಳ ಒಂದು ರೋಲೂ ಕೈಸುಡುತ್ತದೆ.

ಯಾವ ರೋಲು ಎಂಬುದನ್ನು ನೀವು ತೆಗೆಯಹೊರಟ ಬೆಳಕೇ ಹೇಳುತ್ತದೆ. ಹಂಪಿಯ ಬಂಡೆಗಳ ಮೇಲಿನ ಬೆಳಗಿನ ಬಿಸಿಲಿಗೆ 100 ಅಥವಾ 200 ಐಎಸ್‌ಒ ಧಾರಾಳ. ಬೇಲೂರು ದೇಗುಲದ ಒಳಗಿನ ಕಂಬಗಳನ್ನು ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆಯುವುದಾದರೆ 400 ಬೇಕೇ ಬೇಕು, ಅದೂ ಲೆನ್ಸನ್ನು ಪೂರ್ತಿ ತೆರೆದು. ಕಲರ್ ನೆಗೆಟಿವ್ ಬಲು ಸಹನೆಯದು, ಬೆಳಕು ಒಂದೆರಡು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ನೆರಳು ಕೆಸರಾಗುತ್ತದೆ. ಸ್ಲೈಡ್ ಫಿಲ್ಮ್ ಅರ್ಧ ಸ್ಟಾಪ್ ತಪ್ಪನ್ನೂ ತೋರಿಸಿಬಿಡುತ್ತದೆ. ಮೀಟರ್ ಕೈಕೊಟ್ಟರೆ ಹಳಬರ ಲೆಕ್ಕವಿದೆ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16, ಶಟರ್ ವೇಗ ಐಎಸ್‌ಒ ಸಂಖ್ಯೆಗೆ ಹತ್ತಿರದ್ದು. 100ಕ್ಕೆ 1/125, 400ಕ್ಕೆ 1/500.

ಆದರೂ ಹೊಸಬರು ಕಪ್ಪು-ಬಿಳುಪಿನಿಂದಲೇ ಶುರುಮಾಡಬೇಕು. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು ಕಂಡವರಿಗೆ ಬಣ್ಣವಿಲ್ಲದ ಚಿತ್ರದಲ್ಲಿ ಮುಖವೊಂದು ಎಷ್ಟು ಹೇಳಬಲ್ಲದು ಎಂದು ವಿವರಿಸಬೇಕಿಲ್ಲ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್, ಎರಡೂ 400ರವು, ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಹತ್ತಾರು ರೋಲು ತೆಗೆಯಿರಿ. ಇವನ್ನು ಮನೆಯಲ್ಲೇ ಡೆವಲಪ್ ಮಾಡಬಹುದು. ಬೆಳಕು ನುಸುಳದ ಚೀಲದೊಳಗೆ ಕೈಯಿಟ್ಟು ರೋಲನ್ನು ಟ್ಯಾಂಕಿಗೆ ಸುತ್ತಿದರೆ ಮುಂದಿನದೆಲ್ಲ ಹಗಲು ಬೆಳಕಿನಲ್ಲೇ. ಡಿ-76 ಡೆವಲಪರ್ ದ್ರಾವಣಕ್ಕೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಬೇಕು. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು ಅದಕ್ಕಿಂತ ಬಿಸಿಯಿರುತ್ತದೆ, ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇಟ್ಟು ತಣಿಸಿಕೊಳ್ಳಬೇಕು.

ಕಲರ್ ರೋಲನ್ನು ಲ್ಯಾಬಿಗೆ ಕೊಟ್ಟೇ ತೊಳೆಸುವುದು ಸುಲಭ. ಕೊಡುವಾಗಲೇ ನೆಗೆಟಿವ್ ವಾಪಸ್ ಬೇಕೆಂದು ಹೇಳಿ, ಚೀಟಿಯಲ್ಲೂ ಬರೆಸಿ. ಸ್ಕ್ಯಾನ್ ಮಾಡಿದ ಫೈಲು ಕಳೆದರೆ ನೆಗೆಟಿವ್‌ನಿಂದ ಮತ್ತೆ ಮಾಡಿಸಬಹುದು. ನೆಗೆಟಿವ್ ಕಳೆದರೆ ಫೈಲು ಬಿಟ್ಟು ಬೇರೇನೂ ಉಳಿಯದು.