ಎಂಟು ರೂಪಾಯಿಯ ಊಟವೂ ಮೊದಲ ಪಾಠವೂ

ಪ್ರತಿವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಹೊಸ ಮಕ್ಕಳು ಬಂದು ಸೇರುತ್ತಾರೆ. ಮೊದಲ ವಾರ ನಾವು ಪಾಠಕ್ಕಿಂತ ಹೆಚ್ಚಾಗಿ ಮಕ್ಕಳ ಮುಖವನ್ನೇ ಓದುತ್ತೇವೆ. ಎರಡನೆಯ ಪೀರಿಯಡ್ ಮುಗಿಯುವುದರೊಳಗೆ ಡೆಸ್ಕಿಗೆ ತಲೆಯಾನಿಸಿ ಕುಳಿತುಕೊಳ್ಳುವವರು ಒಂದಿಬ್ಬರಾದರೂ ಇರುತ್ತಾರೆ. ಕೇಳಿದರೆ "ಏನಿಲ್ಲ ಸರ್" ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರೆ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಬಸ್ಸು ಹತ್ತಿದ ಕತೆ ಹೊರಬೀಳುತ್ತದೆ. ಕಣ್ಣಿನ ಕೆಳರೆಪ್ಪೆ ಬಿಳಿಚಿರುತ್ತದೆ. ಇಂತಹವರಲ್ಲಿ ಕೆಲವರಿಗೆ ಓದು ತಡವರಿಸುತ್ತದೆ, ಕೂಡಿಸುವ ಲೆಕ್ಕವೂ ತಪ್ಪುತ್ತದೆ. ಇದನ್ನು ಹದಿಮೂರನೆಯ ವಯಸ್ಸಿನಲ್ಲಿ ಸರಿಪಡಿಸಲು ಹೊರಟಾಗಲೆಲ್ಲ ನಮಗೆ ಅನಿಸುವುದೊಂದೇ: ನಾವು ಹತ್ತು ವರ್ಷ ತಡವಾಗಿ ಬಂದಿದ್ದೇವೆ.

ಏಕೆಂದರೆ ಮಗುವಿನ ಮೈಯೂ ಬುದ್ಧಿಯೂ ನೆಲೆಗೊಳ್ಳುವುದು ಆರು ವರ್ಷದೊಳಗೆ. ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದ ಮೊದಲೇ ಆಗಿಹೋಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಪ್ಪಿಕೊಂಡಿದೆ. ಆ ವಯಸ್ಸಿನ ಮಗು ಇರುವುದು ಹೈಸ್ಕೂಲಿನಲ್ಲಲ್ಲ, ಪ್ರಾಥಮಿಕ ಶಾಲೆಯಲ್ಲೂ ಅಲ್ಲ, ಅಂಗನವಾಡಿಯಲ್ಲಿ. ಆದುದರಿಂದ ಹೈಸ್ಕೂಲು ಮಾಸ್ತರರಾದ ನಾವು ಇಂದು ಅಂಗನವಾಡಿಯ ವಿಷಯ ಬರೆಯುತ್ತಿರುವುದಕ್ಕೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ಐವತ್ತು ವರ್ಷಗಳ ಹಾದಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದುದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ, ಪ್ರಯೋಗಕ್ಕೆಂದು. ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ವೇಂಗರ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಮೊದಲಿನವು. ಇಂದು ದೇಶದಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿ, ಕೇರಳದಲ್ಲಿ 33 ಸಾವಿರಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದಲ್ಲಿ ಆಸ್ಪತ್ರೆಗೆ ಕಳುಹಿಸಿಕೊಡುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳುವಳಿಕೆ - ಹೀಗೆ ಆರು ಕೆಲಸಗಳನ್ನು ಒಂದೇ ಸೂರಿನಡಿ ತಂದುದು ಈ ಯೋಜನೆಯ ಹೆಚ್ಚುಗಾರಿಕೆ.

ಊಟ ಬೇರೆ, ಪಾಠ ಬೇರೆ ಎಂದು ಭಾವಿಸುವವರು ಒಂದು ದಿನ ಅಂಗನವಾಡಿಯ ಜಗಲಿಯಲ್ಲಿ ಕುಳಿತು ನೋಡಬೇಕು. ಮಕ್ಕಳು ಸಾಲಾಗಿ ನಿಂತು ಕೈತೊಳೆಯುತ್ತಾರೆ; ಸರದಿ ಕಾಯುವುದನ್ನು ಕಲಿಯುತ್ತಾರೆ. ಎಷ್ಟು ಬಟ್ಟಲು ಬೇಕೆಂದು ಎಣಿಸುತ್ತಾರೆ, ಅದು ಗಣಿತ. ಹೆಸರುಕಾಳು ಹಸಿರು, ಬೆಲ್ಲ ಕಂದು ಎಂದು ಹೇಳುತ್ತಾರೆ, ಅದು ಭಾಷೆ. ಯಾವ ಮನೆಯ ಮಗು ಯಾವ ಮನೆಯ ಮಗುವಿನ ಪಕ್ಕದಲ್ಲಿ ಉಣ್ಣುತ್ತದೆ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇದಕ್ಕಿಂತ ದೊಡ್ಡ ಸಮಾಜಪಾಠವನ್ನು ನಮ್ಮ ಪುಸ್ತಕಗಳೂ ಕಲಿಸಲಾರವು.

ಇದು ದಾನವಲ್ಲ

ಅಂಗನವಾಡಿಯ ಊಟವೆಂದರೆ ಸರಕಾರ ಬಡವರಿಗೆ ಮಾಡುವ ಉಪಕಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಇದನ್ನು ಮಕ್ಕಳಿಗೆ ಸಲ್ಲತಕ್ಕ ಪಾಲೆಂದು ಆಜ್ಞಾಪಿಸಿತು. 2006ರ ಡಿಸೆಂಬರ್ 13ರ ಇನ್ನೊಂದು ಆಜ್ಞೆಯಲ್ಲಿ, ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿಯಿಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಒದಗಿಸಬೇಕೆಂದೂ ಹೇಳಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಇದನ್ನು ಶಾಸನವನ್ನಾಗಿಯೇ ಮಾಡಿತು. ಅದರ ಪ್ರಕಾರ ಮೂರರಿಂದ ಆರು ವರ್ಷದ ಮಗುವಿಗೆ ಬೆಳಗಿನ ಉಪಾಹಾರ ಮತ್ತು ಬಿಸಿಯೂಟ ಸೇರಿ 500 ಕ್ಯಾಲೊರಿ ಶಕ್ತಿ, 12ರಿಂದ 15 ಗ್ರಾಂ ಪ್ರೊಟೀನ್ ಸಿಗಬೇಕು. ತೀವ್ರವಾಗಿ ಸೊರಗಿದ ಮಗುವಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ ಪ್ರೊಟೀನ್. ವರ್ಷಕ್ಕೆ 300 ದಿನ.

"ಕೇರಳದಲ್ಲಿ ಹಸಿವೆಲ್ಲಿದೆ?" ಎಂದು ಕೇಳುವವರಿದ್ದಾರೆ. ದೇಶದ ಸರಾಸರಿಗಿಂತ ನಮ್ಮ ರಾಜ್ಯ ಎಷ್ಟೋ ಮೇಲಿದೆ ಎಂಬುದು ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 23 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಐದು ವರ್ಷದೊಳಗಿನವರಲ್ಲಿ ನೂರಕ್ಕೆ 39 ಮಂದಿಗೆ ರಕ್ತಹೀನತೆ. ನಮ್ಮ ತರಗತಿಯಲ್ಲಿ ತಲೆಯಾನಿಸಿ ಕುಳಿತವರು ಎಲ್ಲಿಂದ ಬಂದರೆಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಎಂಟು ರೂಪಾಯಿಯ ಲೆಕ್ಕ

ಈಗ ಹಣದ ಮಾತು. ಕೇಂದ್ರ ಸರಕಾರ 2017ರಲ್ಲಿ ನಿಗದಿಮಾಡಿದ ದರದಂತೆ ಒಂದು ಮಗುವಿನ ಒಂದು ದಿನದ ಆಹಾರಕ್ಕೆ 8 ರೂಪಾಯಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ. ಕೇರಳದಂತಹ ರಾಜ್ಯಗಳಲ್ಲಿ ಇದನ್ನು ಕೇಂದ್ರ ಮತ್ತು ರಾಜ್ಯ ಸಮಪಾಲಾಗಿ ಭರಿಸಬೇಕು. 300 ದಿನಕ್ಕೆ ಲೆಕ್ಕ ಹಾಕಿದರೆ ಒಂದು ಮಗುವಿಗೆ ವರ್ಷಕ್ಕೆ 2,400 ರೂಪಾಯಿ. ಇಪ್ಪತ್ತು ಮಕ್ಕಳ ಅಂಗನವಾಡಿಗೆ 48,000 ರೂಪಾಯಿ. ಒಂದು ಮದುವೆಯ ಚಪ್ಪರದ ಅಲಂಕಾರಕ್ಕೆ ನಮ್ಮವರು ಇದಕ್ಕಿಂತ ಹೆಚ್ಚು ಸುರಿಯುವುದುಂಟು.

2017ರಿಂದ ಇತ್ತ ಬೇಳೆ, ಎಣ್ಣೆಗಳ ಬೆಲೆ ಏನಾಗಿದೆಯೆಂದು ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. ಒಂದು ಮೊಟ್ಟೆ ಕೊಂಡರೆ ಎಂಟು ರೂಪಾಯಿಯ ಬಹುಪಾಲು ಮುಗಿಯಿತು. 2025ರ ಫೆಬ್ರವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ ಈ ದರವನ್ನು ತಕ್ಕಂತೆ ಹೆಚ್ಚಿಸುವ ಮಾತು ಬಂದಿದೆ. ಮಾತು ಬಟ್ಟಲಿಗೆ ಇಳಿಯುವವರೆಗೆ ನಾವು ನೆನಪಿಸುತ್ತಲೇ ಇರಬೇಕು.

ನಮ್ಮ ರಾಜ್ಯ ಇಷ್ಟಕ್ಕೇ ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳುವುದು ನ್ಯಾಯ. 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಹಣ ತೆಗೆದಿರಿಸಿ, ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಕೊಡಲಾರಂಭಿಸಿತು. 2025ರ ಆರಂಭದಲ್ಲಿ ಆಲಪ್ಪುಳ ಜಿಲ್ಲೆಯ ಒಬ್ಬ ಪುಟ್ಟ ಹುಡುಗ ಅಂಗನವಾಡಿಯ ಉಪ್ಪಿಟ್ಟು ಬೇಡ, "ಬಿರ್ನಾಣಿ" ಬೇಕೆಂದು ತೊದಲಿದ್ದು ನಾಡಿಗೆಲ್ಲ ಕೇಳಿಸಿತು. ಅದೇ ಜೂನ್ ತಿಂಗಳಲ್ಲಿ ಮೊಟ್ಟೆ ಬಿರಿಯಾನಿ, ಪುಲಾವ್ ಸೇರಿದ, ಸಕ್ಕರೆ ಉಪ್ಪು ಕಡಿಮೆಮಾಡಿದ ಹೊಸ ಊಟದ ಪಟ್ಟಿಯನ್ನು ಸರಕಾರ ಪ್ರಕಟಿಸಿತು. ಒಂದು ಮಗು ಬಾಯಿಬಿಟ್ಟು ಕೇಳಿದುದಕ್ಕೆ ಇಷ್ಟಾಯಿತು. ದೊಡ್ಡವರು ಕೇಳಿದರೆ?

ಇನ್ನು, ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಕೊಡುವ 'ಅಮೃತಂ' ಪುಡಿ ನಮ್ಮ ಜಿಲ್ಲೆಯ ಹೆಮ್ಮೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಮಾಡುವ ಇದರ ತಾಂತ್ರಿಕತೆ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐಯದು. ತಯಾರಿಸುವವರು ಕುಟುಂಬಶ್ರೀಯ ಹೆಂಗಸರು. ಕಂಟ್ರಾಕ್ಟುದಾರನ ಜೇಬಿಗೆ ಹೋಗಬಹುದಾಗಿದ್ದ ಹಣ ಊರಿನ ಹೆಂಗಸರ ಕೈಸೇರಿತು; ಮಕ್ಕಳ ಹೊಟ್ಟೆಯೂ ತುಂಬಿತು. ಸಾರ್ವಜನಿಕ ಹಣವನ್ನು ಸರಿಯಾಗಿ ಬಳಸಿದರೆ ಒಂದು ರೂಪಾಯಿ ಎರಡು ಕಡೆ ಫಲಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾವು ಮಾಡಿದ ತಪ್ಪು

ಇಷ್ಟು ಹೇಳಿದ ಮೇಲೆ ನಮ್ಮದೇ ತಪ್ಪನ್ನು ಮುಚ್ಚಿಡುವುದು ಸಲ್ಲದು. ಮನೆಯಿಂದ ಕೂಗಳತೆಯ ದೂರದಲ್ಲಿ ಅಂಗನವಾಡಿಯಿದ್ದರೂ ನಮ್ಮ ಮಗನನ್ನು ನಾವು ಅಲ್ಲಿಗೆ ಕಳುಹಿಸಲಿಲ್ಲ. ಫೀಸು ಕೊಟ್ಟು, ವ್ಯಾನಿನಲ್ಲಿ ಕೂರಿಸಿ, ಎಲ್‌ಕೆಜಿಗೆ ಸೇರಿಸಿದೆವು. ಅಲ್ಲಿ ಊಟವಿರಲಿಲ್ಲ, ಡಬ್ಬಿಯಲ್ಲಿ ಬಿಸ್ಕತ್ತು ಹೋಗುತ್ತಿತ್ತು. ಮೂರೂವರೆ ವರ್ಷದ ಮಗು ಇಂಗ್ಲಿಷಿನ ಪದ್ಯವನ್ನು ಅರ್ಥ ತಿಳಿಯದೆ ಒಪ್ಪಿಸುವುದನ್ನು ನೆಂಟರೆದುರು ಮೆರೆಸಿದೆವು. ಒಂದು ದಿನ ದಾರಿಯಲ್ಲಿ ಸಿಕ್ಕಿದ ಅಂಗನವಾಡಿ ಟೀಚರ್, "ನೀವೇ ಹೀಗೆ ಮಾಡಿದರೆ ಉಳಿದವರನ್ನು ನಾನು ಯಾವ ಬಾಯಲ್ಲಿ ಕರೆಯಲಿ ಸರ್?" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಉಳ್ಳವರು ಬಿಟ್ಟುಹೋದ ಸಂಸ್ಥೆಯನ್ನು ಕೇಳುವವರಿರುವುದಿಲ್ಲ. ಮಾಡು ಸೋರಿದರೆ, ಬಾವಿಯ ನೀರು ಕೆಟ್ಟರೆ, ದಾಸ್ತಾನು ತಡವಾದರೆ ಗಟ್ಟಿಯಾಗಿ ಮಾತಾಡಬಲ್ಲವರ ಮಕ್ಕಳು ಅಲ್ಲಿಲ್ಲ. ದಿನಗೂಲಿಗೆ ಹೋಗುವ ತಾಯಿ ಪಂಚಾಯತು ಕಚೇರಿಗೆ ಅಲೆಯಲು ಒಂದು ದಿನದ ಸಂಬಳ ಕಳೆದುಕೊಳ್ಳಬೇಕು. ಹೀಗೆ ಅಂಗನವಾಡಿ ಬಡವಾಗುತ್ತದೆ, ಬಡವಾಯಿತೆಂದು ಇನ್ನಷ್ಟು ಮಂದಿ ಬಿಡುತ್ತಾರೆ.

ಗಡಿನಾಡಿನಲ್ಲಿ ಇದರ ಪೆಟ್ಟು ಇಮ್ಮಡಿ. ಎಲ್‌ಕೆಜಿಗೆ ಹೋದ ಮಗು ಒಂದನೆಯ ತರಗತಿಗೆ ಕನ್ನಡ ಶಾಲೆಗೆ ಬರುವುದು ಅಪರೂಪ. ಒಂದನೆಯ ತರಗತಿ ಬರಿದಾದರೆ ಏಳು ವರ್ಷಗಳಲ್ಲಿ ನಮ್ಮ ಎಂಟನೆಯ ತರಗತಿಯ ಕನ್ನಡ ಡಿವಿಷನ್ ಬರಿದಾಗುತ್ತದೆ. ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಯಿತು. ಕನ್ನಡಕ್ಕಾಗಿ ಸಭೆ ಸೇರಿ ಭಾಷಣ ಮಾಡುವ ನಾವು, ಕನ್ನಡದ ಮೊದಲ ಮೆಟ್ಟಿಲನ್ನು ನಮ್ಮ ಕೈಯಾರೆ ಕಿತ್ತಿದ್ದೇವೆ.

ಸಂವಿಧಾನದ ಸಂದಿನಲ್ಲಿ

ಭಾಷೆಯ ವಿಷಯದಲ್ಲಿ ಕಾನೂನಿನಲ್ಲೂ ಒಂದು ಸಂದಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಯತ್ನಿಸಬೇಕು. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತು. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರ ಕೆಳಗಿನವರಿಗೆ 45ನೆಯ ವಿಧಿಯಲ್ಲಿ 'ಪ್ರಯತ್ನಿಸತಕ್ಕದ್ದು' ಎಂದಷ್ಟೇ ಬರೆಯಿತು. ಹೀಗಾಗಿ ಮೂರು ವರ್ಷದ ಕನ್ನಡ ಮಗುವಿಗೆ ಊಟದ ಹಕ್ಕು ಕಾಯಿದೆಯಲ್ಲಿದೆ. ತನಗೆ ತಿಳಿಯುವ ಮಾತಿನಲ್ಲಿ ಕತೆ ಕೇಳುವ ಹಕ್ಕು ಎಲ್ಲಿಯೂ ಗಟ್ಟಿಯಾಗಿಲ್ಲ.

ನಮ್ಮಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಎಂದು ಹಲವು. ಕನ್ನಡ ಇವರೆಲ್ಲರ ಶಾಲೆಯ ಭಾಷೆ. ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಮಕ್ಕಳು ಅದನ್ನೂ ಕಲಿಯಬೇಕು, ಕಲಿಯುತ್ತಾರೆ. ಆದರೆ "ಹೊಟ್ಟೆ ನೋಯುತ್ತದೆ", "ಇನ್ನೂ ಸ್ವಲ್ಪ ಬೇಕು" ಎಂದು ಹೇಳಲು ಮೂರು ವರ್ಷದ ಮಗುವಿಗೆ ಇರುವುದು ಮನೆಯ ಮಾತೊಂದೇ. ಅದು ತಿಳಿಯದ ಕಡೆ ಮಗು ಹಸಿದೂ ಸುಮ್ಮನಿರುತ್ತದೆ. ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ, ಬೆಳ್ಳೂರುಗಳಂತಹ ಪಂಚಾಯತುಗಳಲ್ಲಿ ಟೀಚರ್ ಊರಿನ ಮಾತು ಬಲ್ಲವರಾಗಿರಬೇಕೆನ್ನುವುದು ಭಾಷಾಭಿಮಾನದ ಹಟವಲ್ಲ, ಮಗುವಿನ ಹೊಟ್ಟೆಯ ಪ್ರಶ್ನೆ.

ಮಾಡಬೇಕಾದುದು

ಕೇರಳದಲ್ಲಿ ಅಂಗನವಾಡಿಯ ಹೊಣೆ ಬಹುಮಟ್ಟಿಗೆ ಗ್ರಾಮ ಪಂಚಾಯತಿನದು; ಪೂರಕ ಆಹಾರದ ಹಣವೂ ಪಂಚಾಯತಿನ ಯೋಜನೆಯ ಮೂಲಕವೇ ಹರಿಯುತ್ತದೆ. ಅಂದರೆ ತಿರುವನಂತಪುರಕ್ಕೆ ಅರ್ಜಿ ಹಿಡಿದು ಹೋಗಬೇಕಾಗಿಲ್ಲ. ವಾರ್ಡಿನ ಗ್ರಾಮಸಭೆಗೆ ಹೋದರೆ ಸಾಕು. ಅಲ್ಲಿ ರಸ್ತೆ, ದಾರಿದೀಪಗಳ ಮಾತು ಬಂದಂತೆ ಅಂಗನವಾಡಿಯ ಮಾತೂ ಬರಲಿ. ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ? ಎಷ್ಟು ಖರ್ಚಾಯಿತು? ಹಾಲು ಮೊಟ್ಟೆ ತಪ್ಪಿದ ದಿನಗಳೆಷ್ಟು? ತೂಕ ಕಡಿಮೆಯಿರುವ ಮಕ್ಕಳೆಷ್ಟು? ಗೋಡೆಯ ಚಿತ್ರದ ಕೆಳಗಿನ ಅಕ್ಷರ ಯಾವ ಭಾಷೆಯದು? ಈ ಐದು ಪ್ರಶ್ನೆಗಳನ್ನು ಕೇಳಲು ಪದವಿ ಬೇಕಾಗಿಲ್ಲ.

ಅಡುಗೆ ಮಾಡಿ, ಉಣಿಸಿ, ಹಾಡು ಹೇಳಿಸಿ, ದಾಖಲೆಪುಸ್ತಕ ತುಂಬುವ ಟೀಚರ್ ಮತ್ತು ಸಹಾಯಕಿಯರನ್ನೂ ನೆನೆಯಬೇಕು. 2018ರಲ್ಲಿ ಕೇಂದ್ರ ನಿಗದಿಮಾಡಿದ ಗೌರವಧನ ಟೀಚರಿಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ. ಕೇರಳ ಇದಕ್ಕೆ ತನ್ನ ಪಾಲು ಸೇರಿಸಿ ಕೊಡುತ್ತದೆ. ಇವರಿಗೆ ಗ್ರಾಚ್ಯುಟಿ ಸಲ್ಲುತ್ತದೆಂದು ಸುಪ್ರೀಂ ಕೋರ್ಟು ಹೇಳಲು 2022ನೆಯ ಇಸವಿ ಬರಬೇಕಾಯಿತು.

ಊರವರ ಕೈಲಾಗುವುದೂ ಇದೆ. ಅಂಗನವಾಡಿಯ ಹಿತ್ತಿಲಲ್ಲಿ ಒಂದು ನುಗ್ಗೆಗಿಡ, ಒಂದು ಬಸಳೆ ಚಪ್ಪರ, ಎರಡು ಸಾಲು ಹರಿವೆ, ಒಂದು ಪಪ್ಪಾಯಿ ಗಿಡ ಹಾಕಿದರೆ ಸಾಂಬಾರಿಗೆ ಸೊಪ್ಪೂ ಮಕ್ಕಳಿಗೆ ಹಣ್ಣೂ ಸಿಗುತ್ತದೆ. ಆದರೆ ಊರವರ ನುಗ್ಗೆಸೊಪ್ಪು ಸರಕಾರದ ಹಣಕ್ಕೆ ಜೊತೆಯಾಗಬೇಕೇ ಹೊರತು ಬದಲಿಯಾಗಬಾರದು.

ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸೋಣ. ಮಾಸ್ತರರ ಮಗು, ಗುಮಾಸ್ತರ ಮಗು, ಕೂಲಿಯವರ ಮಗು ಒಂದೇ ಸಾಲಿನಲ್ಲಿ ಕುಳಿತು ಉಂಡರೆ ಆ ಸಾಲಿನ ಬಟ್ಟಲು ಖಾಲಿಯಿರಲು ಯಾವ ಅಧಿಕಾರಿಯೂ ಬಿಡಲಾರ. ನಮ್ಮ ಮಗನ ಕಾಲ ಕಳೆದುಹೋಯಿತು. ಈ ಜೂನ್ ತಿಂಗಳಲ್ಲಿ ಮೂರು ತುಂಬುವ ಮಗು ಯಾರ ಮನೆಯಲ್ಲಿದೆಯೋ ಅವರಿಗೆ ಇನ್ನೂ ಸಮಯವಿದೆ.