ಯಾವ ಕಥಾಸಂಕಲನ ಓದೋಣ?



ನಾರಾಯಣಪೇಟೆ, ಮಖ್ತಲ್, ಗದ್ವಾಲ ಕಡೆಯ ನಮಗೆ ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಮಾತಿನೊಳಗೆ ಬಂದುಹೋಗುತ್ತವೆ. ಅದರ ಜೊತೆಗೇ ನಮ್ಮಲ್ಲಿ ಒಂದು ಅಳುಕೂ ಇದೆ. ಪುಸ್ತಕದ ಕನ್ನಡ ಬೆಂಗಳೂರು, ಧಾರವಾಡದವರದು, ನಮ್ಮದು ಕಲಬೆರಕೆ ಮಾತು ಎಂಬ ಅಳುಕು ಅದು. ಈ ಕಾರಣಕ್ಕೇ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳು ಕೂಡ ಹತ್ತನೆಯ ತರಗತಿ ಮುಗಿದ ಮೇಲೆ ಕನ್ನಡ ಪುಸ್ತಕ ಮುಟ್ಟುವುದು ಕಡಿಮೆ. ಓದದೆ ಬಿಟ್ಟ ಭಾಷೆ ಒಂದು ತಲೆಮಾರು ಅಡುಗೆಮನೆಯಲ್ಲಿ ಉಳಿಯುತ್ತದೆ, ಮುಂದಿನ ತಲೆಮಾರಿಗೆ ಅಲ್ಲಿಯೂ ಉಳಿಯುವುದಿಲ್ಲ.

ಈ ಅಳುಕನ್ನು ಕಳೆಯಲು ಇಂದಿನ ಸಣ್ಣಕತೆಗಳಿಗಿಂತ ಸುಲಭವಾದ ದಾರಿ ನನಗೆ ಕಾಣದು. ಬ್ಯಾಂಕಿನ ಗುಮಾಸ್ತನ ಲೆಕ್ಕದಲ್ಲಿ ಹೇಳುವುದಾದರೆ, ಕಥಾಸಂಕಲನ ಪಿಗ್ಮಿ ಠೇವಣಿಯ ಹಾಗೆ. ದಿನಕ್ಕೆ ಒಂದು ಕತೆ ಓದಿದರೆ ಸಾಕು, ಅರ್ಧ ತಾಸಿನ ಕೆಲಸ. ಎರಡು ವಾರದಲ್ಲಿ ಪುಸ್ತಕ ಮುಗಿದಿರುತ್ತದೆ.

ಮೊದಲು ಎಲ್ಲರ ಬಾಯಲ್ಲಿರುವ ಹೆಸರನ್ನೇ ನೋಡೋಣ. ಹಾಸನದ ಬಾನು ಮುಷ್ತಾಕ್ ಅವರು ವಕೀಲರು, ಬಂಡಾಯ ಸಾಹಿತ್ಯದ ಕಾಲದಿಂದ ಬರೆಯುತ್ತ ಬಂದವರು. ೧೯೯೦ರಿಂದ ೨೦೨೩ರವರೆಗೆ ಅವರು ಬರೆದ ೧೨ ಕತೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನಕ್ಕೆ ೨೦೨೫ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ, ಸಣ್ಣಕತೆಗಳ ಪುಸ್ತಕವೊಂದಕ್ಕೂ ಮೊದಲ ಸಲ. ಶೀರ್ಷಿಕೆಯ ಕತೆ 'ಎದೆಯ ಹಣತೆ'ಯಲ್ಲಿ ಗಂಡನಿಂದ ನೊಂದ ಹೆಣ್ಣುಮಗಳು ತವರಿಗೆ ಬರುತ್ತಾಳೆ, ತವರಿನವರು ಅವಳನ್ನು ತಿರುಗಿ ಅಲ್ಲಿಗೇ ಬಿಟ್ಟು ಬರುತ್ತಾರೆ. ಇಂಥ ಪಂಚಾಯಿತಿ ಯಾವ ಜಾತಿಯಲ್ಲಿ, ಯಾವ ಧರ್ಮದಲ್ಲಿ ನಡೆದಿಲ್ಲ? ನಮಗೆ ಮುಖ್ಯವಾದ ಇನ್ನೊಂದು ಮಾತಿದೆ. ಈ ಕತೆಗಳ ಜನ ಕನ್ನಡದ ನಡುವೆ ದಖನಿ, ಉರ್ದು ಮಾತುಗಳನ್ನು ಸಲೀಸಾಗಿ ಆಡುತ್ತಾರೆ. ಇಂಗ್ಲಿಷಿಗೆ ತಂದವರೂ ಆ ಮಾತುಗಳಲ್ಲಿ ಎಷ್ಟೋ ಇದ್ದ ಹಾಗೆಯೇ ಉಳಿಸಿದ್ದಾರೆ. ನಾವು ಕಲಬೆರಕೆ ಎಂದು ನಾಚಿದ ಬಗೆಯ ಮಾತು ಲೋಕದ ಮುಂದೆ ಹೀಗೆ ತಲೆಯೆತ್ತಿ ನಿಂತಿತು.

ಎರಡನೆಯದು ನಮ್ಮ ನೆರೆಯದೇ. ಕೃಷ್ಣಾ ನದಿ ದಾಟಿದರೆ ರಾಯಚೂರು ಜಿಲ್ಲೆ. ಆ ಜಿಲ್ಲೆಯ ಅಮರೇಶ ನುಗಡೋಣಿ ಅವರ 'ಸವಾರಿ' ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ೨೦೧೦ರಲ್ಲಿ 'ಕನಸೆಂಬೋ ಕುದುರೆಯನೇರಿ' ಚಿತ್ರ ಮಾಡಿದರು. ಗೋರಿ ತೋಡುವವನ ಕನಸು, ಗೌಡರ ಮನೆಯ ಸಾವು, ಇವುಗಳ ಸುತ್ತ ನಡೆಯುವ ಚಿತ್ರ ಅದು. ಅದೇ ಜಿಲ್ಲೆಯ ಹಿಂದಿನ ತಲೆಮಾರಿನ ರಾಜಶೇಖರ ನೀರಮಾನ್ವಿ ಅವರ 'ಹಂಗಿನರಮನೆಯ ಹೊರಗೆ' ಸಂಕಲನವೂ ಸಿಕ್ಕರೆ ಬಿಡಬೇಡಿ.

ಮೂರನೆಯದು ವಲಸೆ ಹೋದವರ ಮನೆಯವರಿಗೆ. ಪಾಲಮೂರು ಸೀಮೆಯಿಂದ ಮುಂಬಯಿಗೆ ಕೂಲಿಗೆ ಹೋದವರು ಇಲ್ಲದ ಊರು ನಮ್ಮ ಕಡೆ ಅಪರೂಪ. ಗೋಕರ್ಣದ ಜಯಂತ ಕಾಯ್ಕಿಣಿ ಅವರು ಆ ಮುಂಬಯಿಯ ಚಾಳು, ಲೋಕಲ್ ರೈಲು, ಒಂಟಿ ಜೀವಗಳ ಬಗ್ಗೆ ಬರೆದಿದ್ದಾರೆ. 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್' ಅವರ ಸಂಕಲನಗಳು. ತೇಜಸ್ವಿನಿ ನಿರಂಜನ ಅವರು ಅವರ ಮುಂಬಯಿ ಕತೆಗಳನ್ನು ಇಂಗ್ಲಿಷಿಗೆ ತಂದ ಪುಸ್ತಕಕ್ಕೆ ೨೦೧೮ರ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಬಂದಿದೆ. ದೂರ ಹೋದವರು ಫೋನಿನಲ್ಲಿ ಹೇಳದೆ ಉಳಿಸಿದ್ದು ಏನಿರಬಹುದು ಎಂದು ಈ ಕತೆಗಳನ್ನು ಓದಿದಾಗ ಹೊಳೆಯುತ್ತದೆ.

ಇನ್ನೆರಡು ಹೆಸರು ಹೇಳಿ ಮುಂದೆ ಹೋಗುತ್ತೇನೆ. ವೈದೇಹಿ ಅವರ 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಡೂರಿನ ವಸುಧೇಂದ್ರ ಅವರ 'ಮೋಹನಸ್ವಾಮಿ' ೨೦೧೩ರಲ್ಲಿ ಬಂತು. ಗಂಡಸನ್ನೇ ಪ್ರೀತಿಸುವ ಗಂಡಸಿನ ನೋವು ಅದರಲ್ಲಿದೆ. ಊರಲ್ಲಿ ನಗೆಯಾಡಿ ಮುಗಿಸುವ ವಿಷಯವನ್ನು ಕತೆ ಮನುಷ್ಯನ ವಿಷಯವಾಗಿ ಮುಂದಿಡುತ್ತದೆ.

ಪುಸ್ತಕ ಹುಡುಕುವುದು ಹೇಗೆ ಎಂದು ಕೇಳುವವರಿಗೆ ನಾಲ್ಕು ಮಾತು. ಒಂದು, ಮೊದಲು ಹಲವರ ಕತೆ ಸೇರಿದ ಸಂಕಲನ ಹಿಡಿಯಿರಿ. ಎಸ್. ದಿವಾಕರ್ ಸಂಪಾದಿಸಿದ 'ಶತಮಾನದ ಸಣ್ಣಕತೆಗಳು' ಅಂಥದ್ದು. ಅದರಲ್ಲಿ ನಿಮಗೆ ಹಿಡಿಸಿದ ಲೇಖಕರ ಪುಸ್ತಕವನ್ನು ಆಮೇಲೆ ಹುಡುಕಿರಿ. ಎರಡು, ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದವರ ಹೆಸರು ಬರೆದಿಟ್ಟುಕೊಳ್ಳಿ. ಹೊಸಬರು ಸಿಗುವುದು ಅಲ್ಲಿ. ವಸುಧೇಂದ್ರರ ಛಂದ ಪುಸ್ತಕವೂ ಹೊಸ ಕತೆಗಾರರಿಗೆ ಬಹುಮಾನ ಕೊಟ್ಟು ಅವರ ಸಂಕಲನ ಪ್ರಕಟಿಸುತ್ತ ಬಂದಿದೆ. ಮೂರು, ಕೊಳ್ಳುವ ಮುಂಚೆ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ಮನೆಯ ಹಿರಿಯರಿಗೆ ಕೇಳಿ ಅರ್ಥವಾದರೆ ಆ ಪುಸ್ತಕ ನಿಮ್ಮದು. ನಾಲ್ಕು, ಐದು ಮನೆಯವರು ಸೇರಿ ತಲೆಗೊಂದು ಪುಸ್ತಕ ಅಂಚೆಯಲ್ಲಿ ತರಿಸಿ ಬದಲಾಯಿಸಿಕೊಳ್ಳಿ. ಒಂದರ ಬೆಲೆಗೆ ಐದು ಓದಿದ ಹಾಗಾಗುತ್ತದೆ.

ತೆಲುಗು ಓದಬಲ್ಲವರಿಗೆ ಇನ್ನೊಂದು ಲಾಭ ಇದೆ. ಆ ಕಡೆಯವರು ೧೯೯೦ರಿಂದ 'ಕಥ' ಎಂಬ ವಾರ್ಷಿಕ ಸಂಕಲನದಲ್ಲಿ ವರ್ಷದ ಒಳ್ಳೆಯ ಕತೆಗಳನ್ನು ಕೂಡಿಸುತ್ತ ಬಂದರು. ಕಾಳೀಪಟ್ನಂ ರಾಮಾರಾವು ಮಾಸ್ತರರು ತೆಲುಗು ಕತೆಗಳಿಗಾಗಿಯೇ ೧೯೯೭ರಲ್ಲಿ ಶ್ರೀಕಾಕುಳಂನಲ್ಲಿ 'ಕಥಾನಿಲಯಂ' ಎಂಬ ಗ್ರಂಥಾಲಯ ತೆರೆದರು. ಎರಡು ಭಾಷೆಯ ಕತೆ ಓದುವ ಭಾಗ್ಯ ರಾಜಧಾನಿಯಲ್ಲಿ ಕೂತ ಎಷ್ಟೋ ಪಂಡಿತರಿಗೂ ಇಲ್ಲ, ನಮಗಿದೆ.

ಹಿಂದೆ ನಿಜಾಮ ರಾಜ್ಯದಲ್ಲಿ ತೆಲುಗು ಕವಿಗಳೇ ಇಲ್ಲ ಎಂಬ ಮಾತು ಬಂದಾಗ ನಮ್ಮ ಗದ್ವಾಲ ಸೀಮೆಯ ಸುರವರಂ ಪ್ರತಾಪರೆಡ್ಡಿ ಅವರು ಜಗಳಕ್ಕೆ ಹೋಗಲಿಲ್ಲ. ೩೫೪ ಕವಿಗಳ ರಚನೆ ಕೂಡಿಸಿ ೧೯೩೪ರಲ್ಲಿ 'ಗೋಲಕೊಂಡ ಕವುಲ ಸಂಚಿಕ' ಹೊರತಂದರು. ಗಡಿಯ ಕನ್ನಡಕ್ಕೆ ಕತೆ ಇಲ್ಲ ಎನ್ನುವವರಿಗೂ ಉತ್ತರ ಹೀಗೆಯೇ ಹೋಗಬೇಕು. ಅದನ್ನು ಬರೆಯುವ ಹುಡುಗನೋ ಹುಡುಗಿಯೋ ಈಗ ನಮ್ಮದೇ ಯಾವುದೋ ಕನ್ನಡ ಶಾಲೆಯಲ್ಲಿ ಕೂತಿರಬಹುದು. ಅವರ ಕೈಗೆ ಈ ವರ್ಷ ಒಂದು ಕಥಾಸಂಕಲನ ಕೊಡಿಸಿರಿ.